ಹಳೆಯ ಮದ್ದಿಗೆ ಹೊಸ ವಿಳಾಸ

1964ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದರಲ್ಲಿ ಜೆರೋಮ್ ಹಾರ್ವಿಟ್ಜ್ ಎಂಬ ರಸಾಯನ ವಿಜ್ಞಾನಿ ಒಂದು ಹೊಸ ವಸ್ತುವನ್ನು ತಯಾರಿಸಿದರು. ಅದರ ಹಿಂದಿನ ಉಪಾಯ ಸರಳವಾಗಿತ್ತು. ಜೀವಕೋಶವು ಎರಡಾಗುವ ಮುನ್ನ ತನ್ನ ಡಿಎನ್‌ಎಯ ಇನ್ನೊಂದು ಪ್ರತಿಯನ್ನು ಮಾಡಿಕೊಳ್ಳಬೇಕು. ಆ ಪ್ರತಿಯನ್ನು ಕಟ್ಟಲು ನಾಲ್ಕು ಬಗೆಯ ಇಟ್ಟಿಗೆಗಳು ಬೇಕು. ಅವುಗಳಲ್ಲಿ ಒಂದನ್ನೇ ಹೋಲುವ ನಕಲಿ ಇಟ್ಟಿಗೆಯನ್ನು ಕ್ಯಾನ್ಸರ್ ಕೋಶಕ್ಕೆ ಉಣಿಸಿದರೆ ಕಟ್ಟಡ ಅರ್ಧಕ್ಕೇ ನಿಲ್ಲುತ್ತದೆ, ಗಡ್ಡೆ ಬೆಳೆಯುವುದಿಲ್ಲ ಎಂಬುದು ಹಾರ್ವಿಟ್ಜ್ ಅವರ ಲೆಕ್ಕಾಚಾರ. ರಕ್ತದ ಕ್ಯಾನ್ಸರ್ ಇದ್ದ ಇಲಿಗಳ ಮೇಲೆ ಪ್ರಯೋಗ ನಡೆಯಿತು. ಲೆಕ್ಕ ತಪ್ಪಿತು, ಇಲಿಗಳು ಉಳಿಯಲಿಲ್ಲ. ಪೇಟೆಂಟ್ ಪಡೆಯುವಷ್ಟು ಮಹತ್ವವೂ ಅದಕ್ಕಿದೆಯೆಂದು ಯಾರಿಗೂ ತೋರಲಿಲ್ಲ. ವಸ್ತು ಕಪಾಟು ಸೇರಿತು.

ಹತ್ತು ವರ್ಷಗಳ ಬಳಿಕ, 1974ರಲ್ಲಿ, ಜರ್ಮನಿಯ ಗಟಿಂಗೆನ್‌ನಲ್ಲಿದ್ದ ವೋಲ್‌ಫ್ರಾಮ್ ಓಸ್ಟರ್‌ಟಾಗ್ ಇದೇ ವಸ್ತುವನ್ನು ಇಲಿಗಳಿಗೆ ತಗಲುವ ಒಂದು ವೈರಸ್ಸಿನ ಮೇಲೆ ಪರೀಕ್ಷಿಸಿದರು. ಅದು ರೆಟ್ರೊವೈರಸ್ ಎಂಬ ಗುಂಪಿಗೆ ಸೇರಿದ್ದು. ಪ್ರಯೋಗಶಾಲೆಯ ಜೀವಕೋಶಗಳಲ್ಲಿ ವೈರಸ್ಸಿನ ವೃದ್ಧಿ ತಗ್ಗಿತು. ಫಲಿತಾಂಶ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಆದರೆ ಮನುಷ್ಯರಿಗೆ ರೋಗ ತರುವ ರೆಟ್ರೊವೈರಸ್ ಒಂದೂ ಆಗ ಗೊತ್ತಿರಲಿಲ್ಲ. ಇಲಿಯ ಕಾಯಿಲೆಗೆ ಮದ್ದು ಸಿಕ್ಕಿದರೆ ಯಾರಿಗೇನು? ಆ ಲೇಖನವೂ ಗ್ರಂಥಾಲಯದ ಕಪಾಟು ಸೇರಿತು.

1981ರಲ್ಲಿ ಏಡ್ಸ್ ಕಾಣಿಸಿಕೊಂಡಿತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಅದರ ವೈರಸ್ಸನ್ನು ಪತ್ತೆ ಮಾಡಿದರು. ಅದೂ ರೆಟ್ರೊವೈರಸ್ಸೇ. ಆಗ ಬರೋಸ್ ವೆಲ್‌ಕಂ ಎಂಬ ಔಷಧ ಕಂಪೆನಿ ತನ್ನ ದಾಸ್ತಾನಿನಲ್ಲಿದ್ದ ವಸ್ತುಗಳನ್ನು ಮತ್ತೆ ಜಾಲಾಡಿ, ಆಶಾದಾಯಕವೆಂದು ಕಂಡವನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಗುಟ್ಟಿನ ಸಂಕೇತಗಳಡಿ ಕಳುಹಿಸಿತು. 1985ರ ಫೆಬ್ರುವರಿಯಲ್ಲಿ ಅಲ್ಲಿನ ಹಿರೊವಾಕಿ ಮಿತ್ಸುಯ, ಸ್ಯಾಮ್ಯುಯೆಲ್ ಬ್ರೋಡರ್ ಮತ್ತವರ ಸಂಗಡಿಗರು ಅವುಗಳಲ್ಲೊಂದು ಎಚ್‌ಐವಿಯನ್ನು ತಡೆಯುವುದನ್ನು ಕಂಡರು. ಅದೇ ಹಾರ್ವಿಟ್ಜ್ ಅವರ ಸೋತ ವಸ್ತು. ಜಗತ್ತು ಅದನ್ನು ಎಜಡ್‌ಟಿ ಅಥವಾ ಜಿಡೊವುಡಿನ್ ಎಂಬ ಹೆಸರಿನಿಂದ ಅರಿಯಿತು. 282 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಹುಸಿ ಮಾತ್ರೆ ಪಡೆದವರಲ್ಲಿ 19 ಮಂದಿ ಸತ್ತರೆ, ಎಜಡ್‌ಟಿ ಪಡೆದವರಲ್ಲಿ ಸತ್ತವರು ಒಬ್ಬರು. 1987ರ ಮಾರ್ಚ್ 19ರಂದು ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಏಡ್ಸ್‌ಗೆ ಸಿಕ್ಕ ಮೊದಲ ಔಷಧ ಅದು.

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಗೆ ಇದಕ್ಕಿಂತ ಕಹಿಯಾದ ಉದಾಹರಣೆ ಸಿಗಲಾರದು. ಮದ್ದು ಇತ್ತು. ಅದು ಈ ಜಾತಿಯ ವೈರಸ್ಸನ್ನು ತಡೆಯಬಲ್ಲದೆಂಬ ಸುಳಿವೂ ಇತ್ತು. ಆದರೆ ಒಂದು ಡೆಟ್ರಾಯಿಟ್‌ನ ಕಡತದಲ್ಲಿ, ಇನ್ನೊಂದು ಗಟಿಂಗೆನ್‌ನ ಲೇಖನದಲ್ಲಿ, ಮತ್ತೊಂದು ಕಂಪೆನಿಯ ಬೀಗ ಹಾಕಿದ ಉಗ್ರಾಣದಲ್ಲಿತ್ತು. ಈ ಮೂರನ್ನೂ ಒಟ್ಟಿಗೆ ನೋಡಬಲ್ಲ ಜಾಗವೊಂದು ಎಲ್ಲಿಯೂ ಇರಲಿಲ್ಲ. ಅಂಥ ಜಾಗವನ್ನು ಕಟ್ಟುವ ಪ್ರಯತ್ನದ ಕಥೆಯೇ ಇಂದು ಅಂತರ್ಜಾಲದಲ್ಲಿರುವ ಔಷಧ ಮಾಹಿತಿ ಭಂಡಾರಗಳ ಕಥೆ.

ವೈರಸ್ಸಿಗೆ ಮದ್ದು ಏಕೆ ದುರ್ಲಭ?

ಬ್ಯಾಕ್ಟೀರಿಯಾ ಒಂದು ಪೂರ್ಣ ಜೀವಿ. ಅದಕ್ಕೆ ತನ್ನದೇ ಗೋಡೆ, ತನ್ನದೇ ಅಡುಗೆಮನೆ ಇದೆ. ಪೆನಿಸಿಲಿನ್‌ನಂಥ ಔಷಧ ಆ ಗೋಡೆ ಕಟ್ಟುವ ಕೆಲಸವನ್ನೇ ಕೆಡಿಸುತ್ತದೆ. ಮನುಷ್ಯನ ಜೀವಕೋಶಕ್ಕೆ ಅಂಥ ಗೋಡೆ ಇಲ್ಲವಾದ್ದರಿಂದ ಅವನಿಗೆ ಅಪಾಯ ಕಡಿಮೆ. ವೈರಸ್ಸಿನ ಸಂಗತಿ ಬೇರೆ. ಅದು ಬಾಡಿಗೆ ಕೊಡದೆ ಒಳಹೊಕ್ಕ ಅತಿಥಿ. ನಮ್ಮದೇ ಜೀವಕೋಶದ ಒಲೆ, ಪಾತ್ರೆ, ದಿನಸಿಗಳನ್ನು ಬಳಸಿ ತನ್ನ ಸಂತಾನವನ್ನು ಬೆಳೆಸುತ್ತದೆ. ಅತಿಥಿಯನ್ನು ಓಡಿಸಲು ಒಲೆಗೆ ನೀರು ಸುರಿದರೆ ಮನೆಯವರೂ ಉಪವಾಸ ಬೀಳುತ್ತಾರೆ. ಅನೇಕ ಬಗೆಯ ಬ್ಯಾಕ್ಟೀರಿಯಾ ರೋಗಗಳಿಗೆ ಕೆಲವೇ ಆಂಟಿಬಯಾಟಿಕ್‌ಗಳು ಸಾಕಾಗುವಾಗ, ಪ್ರತಿಯೊಂದು ವೈರಸ್ಸಿಗೂ ಬಹುಪಾಲು ಬೇರೆ ಬೇರೆ ಮದ್ದನ್ನೇ ಹುಡುಕಬೇಕಾಗಿ ಬಂದಿರುವುದಕ್ಕೆ ಇದೇ ಕಾರಣ.

ಹೊಸ ಔಷಧವೊಂದನ್ನು ಮೊದಲಿನಿಂದ ಕಟ್ಟಿ ಅಂಗಡಿಗೆ ತರಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕು. ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೆ ಬಂದವುಗಳಲ್ಲೂ ಬಹಳಷ್ಟು ಅಲ್ಲಿಯೇ ಮುಗ್ಗರಿಸುತ್ತವೆ. ಸಾಂಕ್ರಾಮಿಕ ರೋಗ ಅಷ್ಟು ವರ್ಷ ಕಾಯುವುದಿಲ್ಲ. ಈಗಾಗಲೇ ಬಳಕೆಯಲ್ಲಿರುವ ಔಷಧವಾದರೆ ಅರ್ಧ ದಾರಿ ಸವೆದಂತೆ. ಎಷ್ಟು ಕೊಡಬಹುದು, ಯಾರಿಗೆ ಕೊಡಬಾರದು, ಯಕೃತ್ತಿಗೆ ತೊಂದರೆಯೇ, ಗರ್ಭಿಣಿಗೆ ಸಲ್ಲುತ್ತದೆಯೇ ಎಂಬುದೆಲ್ಲ ವೈದ್ಯರಿಗೆ ತಿಳಿದಿರುತ್ತದೆ. ಉಳಿದಿರುವ ಪ್ರಶ್ನೆ ಒಂದೇ: ಈ ಹೊಸ ರೋಗಕ್ಕೆ ಅದು ನಾಟುತ್ತದೆಯೇ?

ಈ ಪ್ರಶ್ನೆಗೆ ಬಹುಕಾಲ ಉತ್ತರ ಕೊಟ್ಟದ್ದು ಆಕಸ್ಮಿಕ. ಅಮಾಂಟಡಿನ್ ಎಂಬ ಔಷಧ 1966ರಲ್ಲಿ ಅಮೆರಿಕದಲ್ಲಿ ಫ್ಲೂ ಜ್ವರದ ತಡೆಗೆ ಅನುಮತಿ ಪಡೆಯಿತು. 1968ರಲ್ಲಿ ಅದನ್ನು ತೆಗೆದುಕೊಳ್ಳುತ್ತಿದ್ದ, ಪಾರ್ಕಿನ್ಸನ್ ಕಾಯಿಲೆಯಿದ್ದ ಮಹಿಳೆಯೊಬ್ಬರು ತಮ್ಮ ನಡುಕ ತಗ್ಗಿದ್ದನ್ನು, ಮಾತ್ರೆ ನಿಲ್ಲಿಸಿದಾಗ ಅದು ಮರಳಿದ್ದನ್ನು ವೈದ್ಯರಿಗೆ ತಿಳಿಸಿದರು. ವೈದ್ಯರು ಆ ಮಾತನ್ನು ತಳ್ಳಿಹಾಕದೆ ಇತರ ರೋಗಿಗಳಲ್ಲಿ ಪರೀಕ್ಷಿಸಿ ಮರುವರ್ಷ ಪ್ರಕಟಿಸಿದರು. ಫ್ಲೂ ವೈರಸ್ ಕ್ರಮೇಣ ಅಮಾಂಟಡಿನ್‌ಗೆ ಜಗ್ಗದಂತಾಯಿತು. ಪಾರ್ಕಿನ್ಸನ್ ರೋಗಿಗಳಿಗೆ ಮಾತ್ರ ಅದು ಇಂದಿಗೂ ನೆರವಾಗುತ್ತಿದೆ. ಒಬ್ಬ ರೋಗಿಯ ಗಮನ, ಕೇಳುವ ತಾಳ್ಮೆಯಿದ್ದ ಒಬ್ಬ ವೈದ್ಯ ಇಬ್ಬರೂ ಒಂದೇ ಕೋಣೆಯಲ್ಲಿದ್ದರು ಎಂಬುದು ಅದೃಷ್ಟ. ಎಲ್ಲ ಕಾಯಿಲೆಗಳಿಗೂ ಅಂಥ ಅದೃಷ್ಟ ಒದಗುವುದಿಲ್ಲ.

ಅದೃಷ್ಟದಿಂದ ಕಡತಕ್ಕೆ

ಅದೃಷ್ಟದ ಬದಲಿಗೆ ಪಟ್ಟಿಯನ್ನು ಇಡುವ ಕೆಲಸ ಶುರುವಾದದ್ದು ಔಷಧದ ಕಡೆಯಿಂದಲ್ಲ, ಪ್ರೋಟೀನ್‌ಗಳ ಕಡೆಯಿಂದ. ದೇಹದ ಬಹುತೇಕ ಕೆಲಸಗಳನ್ನು ಮಾಡುವುದು ಪ್ರೋಟೀನ್‌ಗಳು. ಪ್ರತಿಯೊಂದಕ್ಕೂ ಅದರದೇ ಮಡಿಕೆ, ಅದರದೇ ಆಕಾರ. ಔಷಧವು ಆ ಆಕಾರದ ಸಂದಿಯೊಂದರಲ್ಲಿ ಕೀಲಿಯಂತೆ ಕೂತು ಕೆಲಸ ಮಾಡುತ್ತದೆ. 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಪ್ರೋಟೀನ್ ಆಕಾರಗಳ ಸಾರ್ವಜನಿಕ ಭಂಡಾರ ಪ್ರಾರಂಭವಾದಾಗ ಅದರಲ್ಲಿದ್ದ ಆಕಾರಗಳು ಕೇವಲ 7. ಇಂದು ಅವುಗಳ ಸಂಖ್ಯೆ ಎರಡು ಲಕ್ಷ ದಾಟಿದೆ. 1982ರಲ್ಲಿ ಜೀವಿಗಳ ಅನುವಂಶಿಕ ಅಕ್ಷರಮಾಲೆಯನ್ನು ಕೂಡಿಡುವ ‘ಜೀನ್‌ಬ್ಯಾಂಕ್’ ಬಂದಿತು.

ರಾಸಾಯನಿಕಗಳ ಸರದಿ ಬಂದದ್ದು ತಡವಾಗಿ. ಅದಕ್ಕೆ ಕಾರಣವೂ ಇತ್ತು. ಪ್ರೋಟೀನಿನ ಆಕಾರದಿಂದ ನೇರವಾಗಿ ಹಣ ಹುಟ್ಟುವುದಿಲ್ಲ, ರಾಸಾಯನಿಕದಿಂದ ಹುಟ್ಟುತ್ತದೆ. ಯಾವ ವಸ್ತು ಯಾವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ ಎಂಬ ತಿಳಿವಳಿಕೆ ಕಂಪೆನಿಗಳ ಬಂಡವಾಳವಾಗಿತ್ತು, ಇಲ್ಲವೇ ದುಬಾರಿ ಚಂದಾ ಕಟ್ಟಿದವರಿಗಷ್ಟೇ ದೊರೆಯುತ್ತಿತ್ತು. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ‘ಪಬ್‌ಕೆಮ್’ ಎಂಬ ಉಚಿತ ಭಂಡಾರವನ್ನು ತೆರೆದಾಗ ಗದ್ದಲವೇ ಎದ್ದಿತು. ತನ್ನದೇ ಚಂದಾ ಭಂಡಾರವನ್ನು ಹೊಂದಿದ್ದ ಅಮೆರಿಕದ ರಸಾಯನ ವಿಜ್ಞಾನಿಗಳ ಸಂಘ, ಸರಕಾರ ತನ್ನ ವ್ಯಾಪಾರಕ್ಕೆ ಅಡ್ಡ ಬರುತ್ತಿದೆಯೆಂದು ಆಕ್ಷೇಪಿಸಿತು. ತೆರಿಗೆದಾರರ ಹಣದಿಂದ ದೊರೆತ ತಿಳಿವಳಿಕೆ ತೆರಿಗೆದಾರರಿಗೇ ಸಿಗಬೇಕೆಂಬ ವಾದ ಕೊನೆಗೆ ಗೆದ್ದಿತು. ಪಬ್‌ಕೆಮ್ ಉಳಿಯಿತು.

2006ರಲ್ಲಿ ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ಡೇವಿಡ್ ವಿಶಾರ್ಟ್ ಮತ್ತು ಸಂಗಡಿಗರು ‘ಡ್ರಗ್‌ಬ್ಯಾಂಕ್’ ಅನ್ನು ಪ್ರಕಟಿಸಿದರು. ಬಳಕೆಯಲ್ಲಿರುವ ಔಷಧ ಯಾವುದು, ಅದು ದೇಹದ ಯಾವ ಪ್ರೋಟೀನನ್ನು ತಟ್ಟುತ್ತದೆ ಎಂಬ ಎರಡು ಸಂಗತಿಗಳು ಅಲ್ಲಿ ಒಂದೇ ಪುಟದಲ್ಲಿ ಕೂಡಿದವು. ಇದಕ್ಕಿಂತ ಸ್ವಾರಸ್ಯಕರವಾದದ್ದು ಇಂಗ್ಲೆಂಡಿನ ಹಿಂಕ್ಸ್‌ಟನ್ ಗ್ರಾಮದಲ್ಲಿರುವ ‘ಕೆಂಬ್ಲ್’ ಭಂಡಾರದ ಹುಟ್ಟು. ಅದು ಮೂಲತಃ ಖಾಸಗಿ ಕಂಪೆನಿಯೊಂದರ ಸೊತ್ತು. 2008ರಲ್ಲಿ ವೆಲ್‌ಕಂ ಟ್ರಸ್ಟ್ 47 ಲಕ್ಷ ಪೌಂಡ್ ನೆರವು ನೀಡಿ ಅದನ್ನು ಸಾರ್ವಜನಿಕ ಸಂಸ್ಥೆಯೊಂದಕ್ಕೆ ವರ್ಗಾಯಿಸುವಂತೆ ಮಾಡಿತು. 2009ರಲ್ಲಿ ಅದು ಎಲ್ಲರಿಗೂ ತೆರೆದುಕೊಂಡಿತು.

ಈ ವೆಲ್‌ಕಂ ಹೆಸರು ಓದುಗರಿಗೆ ಹೊಸದಲ್ಲ. ಎಜಡ್‌ಟಿಯನ್ನು ಮಾರುಕಟ್ಟೆಗೆ ತಂದ ಬರೋಸ್ ವೆಲ್‌ಕಂ ಕಂಪೆನಿ ಇದೇ ಟ್ರಸ್ಟಿನ ಒಡೆತನದಲ್ಲಿದ್ದ ಸಂಸ್ಥೆಯ ಅಮೆರಿಕದ ಶಾಖೆ. ಸಾರ್ವಜನಿಕ ಹಣದಿಂದ ಹುಟ್ಟಿ, ಪೇಟೆಂಟ್ ಇಲ್ಲದೆ ಬಿದ್ದಿದ್ದ ವಸ್ತುವಿನ ಹೊಸ ಬಳಕೆಗೆ ಆ ಕಂಪೆನಿ ಪೇಟೆಂಟ್ ಪಡೆದು, ವರ್ಷಕ್ಕೆ 8ರಿಂದ 10 ಸಾವಿರ ಡಾಲರ್ ಬೆಲೆ ಕಟ್ಟಿತ್ತು. 1989ರ ಸೆಪ್ಟೆಂಬರ್‌ನಲ್ಲಿ ಏಡ್ಸ್ ಹೋರಾಟಗಾರರು ನ್ಯೂಯಾರ್ಕ್ ಷೇರು ಮಾರುಕಟ್ಟೆಯೊಳಗೇ ನುಗ್ಗಿ ಪ್ರತಿಭಟಿಸಿದ ಮೇಲೆ ಶೇ. 20ರಷ್ಟು ಇಳಿಸಿತು. ಹಾರ್ವಿಟ್ಜ್ ಅವರಿಗೆ ಒಂದು ಕಾಸೂ ಬರಲಿಲ್ಲ. ಟ್ರಸ್ಟ್ ಮುಂದೆ ತನ್ನ ಷೇರುಗಳನ್ನು ಮಾರಿ, ಆ ಸಂಪತ್ತಿನಿಂದ ಜಗತ್ತಿನ ಬಲು ದೊಡ್ಡ ವೈದ್ಯಕೀಯ ದತ್ತಿಗಳಲ್ಲೊಂದಾಯಿತು. ಬೀಗ ಹಾಕಿದ ಉಗ್ರಾಣದಿಂದ ಬಂದ ಹಣದ ಒಂದು ಪಾಲು, ಇಪ್ಪತ್ತು ವರ್ಷಗಳ ನಂತರ, ಬೀಗವಿಲ್ಲದ ಉಗ್ರಾಣವನ್ನು ಕಟ್ಟಲು ಬಳಕೆಯಾಯಿತು. ಇತಿಹಾಸದ ವ್ಯಂಗ್ಯ ಎಂದರೆ ಇದೇ.

ಗಾಜಿನ ತಟ್ಟೆಯ ಮೋಸ

ಈ ಭಂಡಾರಗಳನ್ನು ಬಳಸುವ ಬಗೆ ಎರಡು. ಮೊದಲನೆಯದು ಸಾವಿರಾರು ಹಳೆಯ ಔಷಧಗಳನ್ನು ಯಂತ್ರಗಳ ನೆರವಿನಿಂದ ಪುಟ್ಟ ಪುಟ್ಟ ಗುಳಿಗಳಿರುವ ತಟ್ಟೆಗಳಲ್ಲಿ ವೈರಸ್ ಸೋಂಕಿದ ಜೀವಕೋಶಗಳ ಮೇಲೆ ಹನಿಸಿ, ಯಾವುದು ತಡೆಯುತ್ತದೆಂದು ನೋಡುವುದು. 2015ರಲ್ಲಿ ಬ್ರೆಜಿಲ್‌ನಲ್ಲಿ ಝೀಕಾ ವೈರಸ್ ಹರಡಿ, ಗರ್ಭಿಣಿಯರ ಶಿಶುಗಳು ಸಣ್ಣ ತಲೆಯೊಂದಿಗೆ ಹುಟ್ಟತೊಡಗಿದ ಮೇಲೆ, 2016ರಲ್ಲಿ ಅಮೆರಿಕದ ಸಂಶೋಧಕರು ಸುಮಾರು 6,000 ವಸ್ತುಗಳನ್ನು ಹೀಗೆ ಜರಡಿ ಹಿಡಿದರು. ಲಾಡಿಹುಳುವಿಗೆ ಕೊಡುವ ನಿಕ್ಲೊಸಮೈಡ್ ಎಂಬ ಹಳೆಯ ಮಾತ್ರೆ ತಟ್ಟೆಯಲ್ಲಿ ಝೀಕಾವನ್ನು ತಡೆಯಿತು. ಸುದ್ದಿ ಆಶಾದಾಯಕವೇ. ಆದರೆ ಹೊಟ್ಟೆಯ ಹುಳುವಿಗೆಂದೇ ಮಾಡಿದ ಆ ಮಾತ್ರೆ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದೇ ಇಲ್ಲ! ತಟ್ಟೆಯಲ್ಲಿ ಗೆದ್ದ ಮದ್ದು ಝೀಕಾ ರೋಗಿಯನ್ನು ತಲುಪಲಿಲ್ಲ.

ಎರಡನೆಯದು ತಟ್ಟೆಯನ್ನು ಮುಟ್ಟುವ ಮೊದಲೇ ಕಡತಗಳನ್ನು ಹೊಂದಿಸಿ ನೋಡುವುದು. ಈ ಬಗೆಗೆ ದೊಡ್ಡ ಪರೀಕ್ಷೆ ಬಂದದ್ದು 2020ರಲ್ಲಿ. ಆ ವರ್ಷದ ಜನವರಿ 11ರಂದು ಕೊರೊನಾ ವೈರಸ್ಸಿನ ಅನುವಂಶಿಕ ಬರಹ ಜಗತ್ತಿನೆದುರು ತೆರೆಯಿತು. ಫೆಬ್ರುವರಿ 5ರಂದು ಅದರ ಮುಖ್ಯ ಕಿಣ್ವವೊಂದರ ಆಕಾರವನ್ನು ಚೀನಾದ ವಿಜ್ಞಾನಿಗಳು ಪ್ರೋಟೀನ್ ಭಂಡಾರಕ್ಕೆ ಸೇರಿಸಿದರು. ಮಾರ್ಚ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ನೆವಾನ್ ಕ್ರೋಗನ್ ಅವರ ತಂಡ, ವೈರಸ್ಸಿನ ಪ್ರೋಟೀನ್‌ಗಳು ಮನುಷ್ಯನ ಯಾವ ಯಾವ ಪ್ರೋಟೀನ್‌ಗಳೊಂದಿಗೆ ಕೈಜೋಡಿಸುತ್ತವೆಂದು ಪತ್ತೆಮಾಡಿ 332 ಜೋಡಿಗಳ ನಕ್ಷೆಯನ್ನು ಹೊರತಂದಿತು. ಆ ಜೋಡಿಗಳನ್ನು ಔಷಧಗಳ ಕಡತದೊಂದಿಗೆ ಹೊಂದಿಸಿದಾಗ 69 ವಸ್ತುಗಳು ಪರೀಕ್ಷೆಗೆ ಅರ್ಹವೆಂದು ಕಂಡವು. ಡೆಟ್ರಾಯಿಟ್‌ನಿಂದ ಎಚ್‌ಐವಿಯವರೆಗಿನ ದಾರಿಗೆ ಇಪ್ಪತ್ತು ವರ್ಷಗಳಾಗಿದ್ದವು. ಇಲ್ಲಿ ವೈರಸ್ಸಿನ ಬರಹದಿಂದ ಔಷಧದ ಪಟ್ಟಿಯವರೆಗೆ ಮೂರು ತಿಂಗಳು ಕೂಡ ಹಿಡಿಯಲಿಲ್ಲ.

ಆದರೆ ಪಟ್ಟಿ ಬೇಗ ಸಿಕ್ಕಿದ್ದೇ ಹೊಸ ಅಪಾಯವನ್ನೂ ತಂದಿತು. ಮಲೇರಿಯಾ ಮದ್ದಾದ ಕ್ಲೋರೊಕ್ವಿನ್ ಹಳೆಯ ಸಾರ್ಸ್ ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ತಡೆದದ್ದು 2005ರಲ್ಲೇ ದಾಖಲಾಗಿತ್ತು. ಹೊಸ ವೈರಸ್ಸಿನ ಮೇಲೂ ತಟ್ಟೆಯಲ್ಲಿ ಅದು ಗೆದ್ದಿತು. ಅದರ ಸೋದರ ಔಷಧ ಹೈಡ್ರಾಕ್ಸಿಕ್ಲೋರೊಕ್ವಿನ್‌ಗೆ ಅಮೆರಿಕದಲ್ಲಿ ಮಾರ್ಚ್ 28ರಂದು ತುರ್ತು ಅನುಮತಿ ಸಿಕ್ಕಿತು. ಭಾರತದಲ್ಲಿ ಆರೋಗ್ಯ ಸಿಬ್ಬಂದಿಗೆ ಮುನ್ನೆಚ್ಚರಿಕೆಯಾಗಿ ಕೊಡಬಹುದೆಂದು ಅದೇ ತಿಂಗಳು ವೈದ್ಯಕೀಯ ಸಂಶೋಧನಾ ಮಂಡಳಿ ಸಲಹೆ ನೀಡಿತು. ಔಷಧದಂಗಡಿಗಳಲ್ಲಿ ಮಾತ್ರೆ ಖಾಲಿಯಾಗಿ, ಅದನ್ನೇ ನಂಬಿದ್ದ ಸಂಧಿವಾತದ ರೋಗಿಗಳು ಪರದಾಡಿದರು.

ಲೋಪ ಇದ್ದದ್ದು ಎಲ್ಲಿ? ಆ ಪರೀಕ್ಷೆಗಳಲ್ಲಿ ಬಳಸಿದ್ದು ‘ವೆರೋ’ ಎಂಬ ಜೀವಕೋಶಗಳು. 1962ರಲ್ಲಿ ಜಪಾನಿನಲ್ಲಿ ಆಫ್ರಿಕಾದ ಹಸಿರು ಕೋತಿಯೊಂದರ ಮೂತ್ರಪಿಂಡದಿಂದ ಬೇರ್ಪಡಿಸಿ ಅಂದಿನಿಂದ ಬೆಳೆಸಿಕೊಂಡು ಬಂದ ಕೋಶಗಳವು. ವೈರಸ್ ಅವುಗಳೊಳಗೆ ಹೊಗುವುದು ಒಂದು ದಾರಿಯಿಂದ, ಮನುಷ್ಯನ ಶ್ವಾಸಕೋಶದ ಕೋಶಗಳೊಳಗೆ ಹೊಗುವುದು ಮುಖ್ಯವಾಗಿ ಇನ್ನೊಂದು ದಾರಿಯಿಂದ. ಕ್ಲೋರೊಕ್ವಿನ್ ಮುಚ್ಚುತ್ತಿದ್ದದ್ದು ಮೊದಲನೆಯ ಬಾಗಿಲನ್ನು. ಶ್ವಾಸಕೋಶದ ಕೋಶಗಳಲ್ಲಿ ಅದು ನಿರುಪಯೋಗಿಯೆಂದು ಜರ್ಮನಿಯ ವಿಜ್ಞಾನಿಗಳು ಜುಲೈ ವೇಳೆಗೆ ತೋರಿಸಿದರು.

ಐವರ್‌ಮೆಕ್ಟಿನ್ ಎಂಬ ಹುಳುವಿನ ಮದ್ದಿನ ಕಥೆಯೂ ಇಂಥದ್ದೇ. ಆಸ್ಟ್ರೇಲಿಯಾದ ತಟ್ಟೆಗಳಲ್ಲಿ ಅದು ವೈರಸ್ಸನ್ನು ತಡೆದದ್ದು ನಿಜ. ಆದರೆ ಅಲ್ಲಿ ಬಳಸಿದ ಸಾಂದ್ರತೆ, ಮನುಷ್ಯ ಸಾಮಾನ್ಯ ಮಾತ್ರೆ ನುಂಗಿದಾಗ ರಕ್ತದಲ್ಲಿ ಸಿಗುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. 2022ರಲ್ಲಿ ಬ್ರೆಜಿಲ್‌ನ 1,358 ರೋಗಿಗಳ ಮೇಲಿನ ಪ್ರಯೋಗ ಅದರಿಂದ ಪ್ರಯೋಜನವಿಲ್ಲವೆಂದು ತಿಳಿಸಿತು.

2021ರಲ್ಲಿ ಬ್ರಯಾನ್ ಶಾಯ್ಕೆಟ್ ಮತ್ತು ಸಂಗಡಿಗರು ಇನ್ನೂ ಆಳವಾದ ತಪ್ಪೊಂದನ್ನು ಬಯಲಿಗೆಳೆದರು. ಗೆದ್ದವೆಂದು ಪಟ್ಟಿಯಾದ ಅನೇಕ ಔಷಧಗಳು ವೈರಸ್ಸಿನ ತಂಟೆಗೇ ಹೋಗಿರಲಿಲ್ಲ. ಜೀವಕೋಶದೊಳಗೆ ಕೊಬ್ಬು ಗಂಟುಕಟ್ಟುವಂತೆ ಮಾಡಿ ಕೋಶವನ್ನೇ ಅಸ್ತವ್ಯಸ್ತಗೊಳಿಸಿದ್ದವು. ಅಂಥ ಕೋಶದಲ್ಲಿ ವೈರಸ್ ಬೆಳೆಯದಿದ್ದರೆ ಅದು ಮದ್ದಿನ ಗುಣವೇ? ಮನೆ ಕೆಟ್ಟದ್ದರಿಂದ ಅತಿಥಿ ಹೊರಟುಹೋದನೆಂದು ಯಾರೂ ಸಂತೋಷಪಡುವುದಿಲ್ಲ.

ಹಾಸಿಗೆಯ ಪಕ್ಕದ ತೀರ್ಪು

ಪಟ್ಟಿಯಿಂದ ಮಾತ್ರೆಗೆ ಇರುವ ಸೇತುವೆ ಒಂದೇ. ಒಂದೇ ತೆರನಾದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮದ್ದು ಕೊಟ್ಟು ಇನ್ನೊಂದಕ್ಕೆ ಕೊಡದೆ, ಏನಾಯಿತೆಂದು ಎಣಿಸುವುದು. ಬ್ರಿಟನ್ನಿನಲ್ಲಿ 2020ರ ಮಾರ್ಚ್‌ನಲ್ಲಿ ಆಕ್ಸ್‌ಫರ್ಡ್‌ನ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೆ ಅವರ ನೇತೃತ್ವದಲ್ಲಿ ಆರಂಭವಾದ ‘ರಿಕವರಿ’ ಪ್ರಯೋಗ ಹಳೆಯ ಔಷಧಗಳನ್ನು ಹೀಗೆ ಒಂದೊಂದಾಗಿ ತೂಗಿತು. ಹೈಡ್ರಾಕ್ಸಿಕ್ಲೋರೊಕ್ವಿನ್ ಪಡೆದ 1,561 ಮಂದಿಯಲ್ಲಿ ಶೇ. 27ರಷ್ಟು, ಪಡೆಯದ 3,155 ಮಂದಿಯಲ್ಲಿ ಶೇ. 25ರಷ್ಟು ಜನ ತಿಂಗಳೊಳಗೆ ತೀರಿಕೊಂಡಿದ್ದರು. ಜೂನ್ 5ರಂದು ಇದರ ಆರಂಭಿಕ ಫಲಿತಾಂಶ ಹೊರಬಿದ್ದಿತು. ಹತ್ತು ದಿನಗಳಲ್ಲಿ ಅಮೆರಿಕ ತನ್ನ ತುರ್ತು ಅನುಮತಿಯನ್ನು ಹಿಂತೆಗೆದುಕೊಂಡಿತು.

ಅದೇ ಪ್ರಯೋಗ ಜೂನ್ 16ರಂದು ಶುಭವಾರ್ತೆಯನ್ನೂ ಕೊಟ್ಟಿತು. 1950ರ ದಶಕದಿಂದ ಇರುವ, ಹಳ್ಳಿಯ ಔಷಧದಂಗಡಿಯಲ್ಲೂ ದೊರೆಯುವ ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡ್, ವೆಂಟಿಲೇಟರ್ ಮೇಲಿದ್ದ ರೋಗಿಗಳ ಸಾವನ್ನು ಮೂರರಲ್ಲೊಂದು ಪಾಲು, ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಐದರಲ್ಲೊಂದು ಪಾಲು ತಗ್ಗಿಸಿತು. ಗಮನಿಸಬೇಕಾದ ಸಂಗತಿಯೆಂದರೆ ಡೆಕ್ಸಾಮೆಥಸೋನ್ ವೈರಸ್ಸನ್ನು ಕೊಲ್ಲುವುದೇ ಇಲ್ಲ. ವೈರಸ್ಸಿನ ವಿರುದ್ಧ ಅತಿಯಾಗಿ ಕೆರಳಿ ದೇಹವನ್ನೇ ಸುಡತೊಡಗಿದ ರೋಗನಿರೋಧಕ ವ್ಯವಸ್ಥೆಯನ್ನು ಶಾಂತಗೊಳಿಸುತ್ತದೆ. ವೈರಸ್ ಸಾಯುತ್ತದೆಯೇ ಎಂದಷ್ಟೇ ಕೇಳುವ ತಟ್ಟೆಯ ಪರೀಕ್ಷೆಯಲ್ಲಿ ಅದು ಎಂದಿಗೂ ಗೆಲ್ಲುತ್ತಿರಲಿಲ್ಲ. ಆಮ್ಲಜನಕದ ಅಗತ್ಯವಿಲ್ಲದ ರೋಗಿಗಳಿಗೆ ಅದರಿಂದ ಉಪಯೋಗವಿಲ್ಲ ಎಂಬುದನ್ನೂ ಎಣಿಕೆಯೇ ತಿಳಿಸಿತು.

ಹಾಗೆಂದು ಕಡತ ವ್ಯರ್ಥವೆಂದಲ್ಲ. ಲಂಡನ್ನಿನ ಕಂಪೆನಿಯೊಂದು ಪ್ರಕಟಿತ ಸಂಶೋಧನೆಗಳನ್ನು ಕಂಪ್ಯೂಟರಿನಿಂದ ಓದಿಸಿ ಹೆಣೆದ ಮಾಹಿತಿ ಜಾಲದಲ್ಲಿ ಹುಡುಕಿ, ಸಂಧಿವಾತದ ಔಷಧವಾದ ಬಾರಿಸಿಟಿನಿಬ್ ಹೊಸ ರೋಗಕ್ಕೆ ಒದಗಬಹುದೆಂದು 2020ರ ಫೆಬ್ರುವರಿ ಆರಂಭದಲ್ಲೇ ಬರೆದಿತ್ತು. ಊಹೆ ಊಹೆಯಾಗಿಯೇ ನಿಲ್ಲದೆ ಹಲವು ಪ್ರಯೋಗಗಳನ್ನು ಹಾಯ್ದಿತು. 2022ರಲ್ಲಿ ಪ್ರಕಟವಾದ, 8,156 ರೋಗಿಗಳ ಮೇಲಿನ ‘ರಿಕವರಿ’ ಪ್ರಯೋಗದಲ್ಲಿ ಅದು ಸಾವನ್ನು ಶೇ. 13ರಷ್ಟು ತಗ್ಗಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆ ತೀವ್ರ ಕಾಯಿಲೆಯವರಿಗೆ ಅದನ್ನು ಶಿಫಾರಸು ಮಾಡಿತು. ಕಡತ ದಾರಿ ತೋರಿಸಿತು, ತೀರ್ಪು ಹೇಳಿದ್ದು ರೋಗಿಯ ಹಾಸಿಗೆಯ ಪಕ್ಕದ ಎಣಿಕೆ. ಎರಡರಲ್ಲಿ ಒಂದನ್ನು ಬಿಟ್ಟಾಗಲೆಲ್ಲ ಜನ ತೊಂದರೆಗೊಳಗಾಗಿದ್ದಾರೆ.

ಸೋಲಿನ ದಾಖಲೆ

ಹಾಗಾದರೆ ಒಳ್ಳೆಯ ಭಂಡಾರದಲ್ಲಿ ಏನಿರಬೇಕು? ಗೆದ್ದ ಔಷಧಗಳ ಹೆಸರಷ್ಟೇ ಸಾಲದು. ಎಷ್ಟು ಪ್ರಮಾಣದಲ್ಲಿ ಗೆದ್ದಿತು, ಯಾವ ಪ್ರಾಣಿಯ ಯಾವ ಕೋಶದಲ್ಲಿ ಗೆದ್ದಿತು, ಕೋಶವನ್ನೇ ಕೊಂದು ಗೆದ್ದಿತೇ ಎಂಬುದಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ ಸೋತವುಗಳ ಪಟ್ಟಿ ಇರಬೇಕು. ವಿಜ್ಞಾನ ಪತ್ರಿಕೆಗಳಿಗೆ ಸೋಲು ರುಚಿಸುವುದಿಲ್ಲ, ಕಂಪೆನಿಗಳಿಗೆ ಅದನ್ನು ಹೇಳಿಕೊಳ್ಳುವ ಉತ್ಸಾಹವಿಲ್ಲ. ಹೀಗಾಗಿ ಒಂದು ಪ್ರಯೋಗಶಾಲೆ ಕಂಡ ಸೋಲನ್ನು ಇನ್ನೊಂದು ಮತ್ತೆ ಹಣ, ಕಾಲ ಸುರಿದು ಕಾಣುತ್ತದೆ.

2020ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ‘ಎನ್‌ಕ್ಯಾಟ್ಸ್’ ಕೇಂದ್ರ ತೆರೆದ ಭಂಡಾರದ ಹೆಚ್ಚುಗಾರಿಕೆ ಇದ್ದದ್ದು ಇಲ್ಲಿಯೇ. ಅನುಮತಿ ಪಡೆದ ಔಷಧಗಳೂ ಸೇರಿದಂತೆ ತನ್ನ ದಾಸ್ತಾನಿನ ಸಾವಿರಾರು ವಸ್ತುಗಳನ್ನು ಕೊರೊನಾ ವೈರಸ್ಸಿನ ಜೀವನದ ಬೇರೆ ಬೇರೆ ಹಂತಗಳ ಮೇಲೆ ಪರೀಕ್ಷಿಸಿ, ಗೆಲುವು ಸೋಲು ಎರಡನ್ನೂ, ಪರೀಕ್ಷೆಯ ವಿಧಾನವನ್ನೂ ಅದು ಆಗಿಂದಾಗ್ಗೆ ಅಂತರ್ಜಾಲದಲ್ಲಿ ಇಟ್ಟಿತು. ನಾರ್ವೆಯ ಟ್ರಾಂಡ್‌ಹೈಮ್‌ನ ವಿಜ್ಞಾನಿಗಳು ಅದೇ ವರ್ಷ ಇನ್ನೊಂದು ಬಗೆಯ ಪಟ್ಟಿಯನ್ನು ತೆರೆದರು. ಮನುಷ್ಯರಿಗೆ ಸುರಕ್ಷಿತವೆಂದು ಗೊತ್ತಿರುವ ನೂರಕ್ಕೂ ಹೆಚ್ಚು ಔಷಧಗಳು ಯಾವ ಯಾವ ವೈರಸ್ಸಿನ ಮೇಲೆ, ಯಾವ ಹಂತದವರೆಗೆ ಪರೀಕ್ಷೆಯಾಗಿವೆ ಎಂಬುದನ್ನು ಅಲ್ಲಿ ಚೌಕಗಳಲ್ಲಿ ಕಾಣಬಹುದು. ತಟ್ಟೆಯಲ್ಲಷ್ಟೇ ಗೆದ್ದದ್ದಕ್ಕೂ ಮನುಷ್ಯರಲ್ಲಿ ಗೆದ್ದದ್ದಕ್ಕೂ ಬೇರೆ ಬೇರೆ ಗುರುತು.

ಹಂಚಿಕೊಳ್ಳುವಿಕೆ ಕಾಗದಕ್ಕಷ್ಟೇ ಸೀಮಿತವಲ್ಲ. ಜಿನೀವಾದ ಎರಡು ಲಾಭರಹಿತ ಸಂಸ್ಥೆಗಳು 2019ರಲ್ಲಿ 400 ವಸ್ತುಗಳಿದ್ದ ಒಂದು ಪೆಟ್ಟಿಗೆಯನ್ನು ಸಿದ್ಧಪಡಿಸಿ, ಕೇಳಿದ ಸಂಶೋಧಕರಿಗೆ ಉಚಿತವಾಗಿ ಕಳುಹಿಸತೊಡಗಿದವು. ಷರತ್ತು ಒಂದೇ: ಫಲಿತಾಂಶವನ್ನು ಎರಡು ವರ್ಷದೊಳಗೆ ಎಲ್ಲರಿಗೂ ತಿಳಿಸಬೇಕು. ಭಾರತದಲ್ಲಿ ಸಿಎಸ್‌ಐಆರ್ 2008ರಲ್ಲೇ ಸಮೀರ್ ಬ್ರಹ್ಮಚಾರಿ ಅವರ ನೇತೃತ್ವದಲ್ಲಿ ಕ್ಷಯರೋಗದ ಮದ್ದಿಗಾಗಿ ಇಂಥ ಮುಕ್ತ ಹುಡುಕಾಟವನ್ನು ಪ್ರಾರಂಭಿಸಿ, ವಿದ್ಯಾರ್ಥಿಗಳನ್ನೂ ಅದರಲ್ಲಿ ತೊಡಗಿಸಿತ್ತು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಪೇಟೆಂಟ್ ಮುಗಿದ ಹಳೆಯ ಮಾತ್ರೆ ಹೊಸ ರೋಗಕ್ಕೆ ನಾಟಿದರೂ ಅದರಿಂದ ಲಾಭ ಮಾಡಿಕೊಳ್ಳುವವರು ಯಾರೂ ಇಲ್ಲ. ಲಾಭವಿಲ್ಲದ ಕಡೆ ಸಾವಿರಾರು ರೋಗಿಗಳ ಪ್ರಯೋಗಕ್ಕೆ ಕಂಪೆನಿ ಹಣ ಹಾಕುವುದಿಲ್ಲ. ಡೆಕ್ಸಾಮೆಥಸೋನ್ ಪರೀಕ್ಷೆಗೊಳಗಾದದ್ದು ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳ ವ್ಯವಸ್ಥೆ ಅದನ್ನು ಹೊತ್ತುಕೊಂಡದ್ದರಿಂದ. ಮಾಹಿತಿ ಮುಕ್ತವಾದರೆ ಸಾಲದು, ಅದನ್ನು ಕೊನೆಮುಟ್ಟಿಸುವ ಹೊಣೆಯೂ ಸಾರ್ವಜನಿಕವಾಗಬೇಕು. ಎಜಡ್‌ಟಿಯ ಉತ್ತರಾರ್ಧ ಇದಕ್ಕೆ ಸಾಕ್ಷಿ. 1994ರಲ್ಲಿ ಅದು ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟುವುದನ್ನು ಸುಮಾರು ಮೂರನೇ ಎರಡರಷ್ಟು ತಗ್ಗಿಸುವುದೆಂದು ಸಾಬೀತಾಯಿತು. ಬೆಲೆ ಮಾತ್ರ ಬಡವರ ಕೈಗೆ ಸಿಗದಂತಿತ್ತು. ಭಾರತದ ಕಂಪೆನಿಗಳು ಏಡ್ಸ್ ಔಷಧಗಳನ್ನು ಅಗ್ಗವಾಗಿ ತಯಾರಿಸಿದ ಮೇಲೆ, 2004ರ ಏಪ್ರಿಲ್ 1ರಿಂದ ಸರಕಾರ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಮತ್ತು ದೆಹಲಿಯಲ್ಲಿ ಉಚಿತ ಚಿಕಿತ್ಸೆಯನ್ನು ಆರಂಭಿಸಿತು. ಆ ಆರರಲ್ಲಿ ಕರ್ನಾಟಕವೂ ಒಂದು. ಉಚಿತವಾಗಿ ಕೊಡುತ್ತಿದ್ದ ಮಾತ್ರೆಗಳಲ್ಲಿ ಜಿಡೊವುಡಿನ್ ಕೂಡ ಇತ್ತು. ಡೆಟ್ರಾಯಿಟ್‌ನ ಕಪಾಟಿನಿಂದ ಕನ್ನಡನಾಡಿನ ರೋಗಿಯ ಕೈಗೆ ಬರಲು ಅದಕ್ಕೆ 40 ವರ್ಷ ಹಿಡಿದಿತ್ತು.

ಮಲೆನಾಡಿನ ಖಾಲಿ ಚೌಕ

ಕರ್ನಾಟಕಕ್ಕೆ ಈ ಕಡತಗಳು ದೂರದ ವಿಷಯವಲ್ಲ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋದ ಜನರಿಗೂ ಜ್ವರ, ರಕ್ತಸ್ರಾವ ಕಾಣಿಸಿಕೊಂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೊಸ ವೈರಸ್ಸೊಂದನ್ನು ಗುರುತಿಸಿದರು. ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿ ಅದಕ್ಕೆ ಆ ಕಾಡಿನದೇ ಹೆಸರು. ಊರಿನವರ ಮಾತಿನಲ್ಲಿ ಅದು ಮಂಗನ ಕಾಯಿಲೆ. ಉಣುಗುಗಳಿಂದ ಹರಡುವ ಈ ಕಾಯಿಲೆ ಸೌದೆ, ದರಗೆಲೆ, ಅಡಿಕೆ ತೋಟ ಎಂದು ಕಾಡಂಚಿನಲ್ಲಿ ಓಡಾಡುವವರನ್ನು ಪ್ರತಿ ಬೇಸಿಗೆಗೂ ಕಾಡುತ್ತದೆ. ತಗಲಿದ ನೂರು ಮಂದಿಯಲ್ಲಿ 3ರಿಂದ 5 ಮಂದಿಯನ್ನು ಬಲಿ ತೆಗೆದುಕೊಳ್ಳುತ್ತದೆ.

ಹಲವು ದಶಕಗಳಿಂದ ಕೊಡುತ್ತಿದ್ದ ಲಸಿಕೆಯ ರಕ್ಷಣೆ ಸಾಲದೆಂದು ಕಂಡು ಅದರ ಬಳಕೆ ನಿಂತಿದೆ. ವೈರಸ್ಸನ್ನೇ ಗುರಿಯಾಗಿಸಿದ, ರೋಗಿಗಳಲ್ಲಿ ಸಾಬೀತಾದ ಮದ್ದು ಇಲ್ಲ. ಜ್ವರ ಇಳಿಸಿ, ನೀರಿನಂಶ ಕಾಯ್ದು, ರಕ್ತಸ್ರಾವ ನೋಡಿಕೊಳ್ಳುವುದೇ ಚಿಕಿತ್ಸೆ. ವರ್ಷಕ್ಕೆ ಕೆಲವು ನೂರು ಜನರಿಗೆ, ಅದರಲ್ಲೂ ಬಡವರಿಗೆ ಬರುವ ಕಾಯಿಲೆಗೆ ಹೊಸ ಔಷಧವನ್ನು ಮೊದಲಿನಿಂದ ಕಟ್ಟುವ ಕಂಪೆನಿ ಎಲ್ಲಿಯೂ ಹುಟ್ಟಲಾರದು. ಹಳೆಯ ಮದ್ದೊಂದು ಒದಗೀತೇ ಎಂದು ಹುಡುಕುವುದೇ ಇಲ್ಲಿ ಹತ್ತಿರದ ದಾರಿ. ಈ ವೈರಸ್ ಡೆಂಗಿ, ಝೀಕಾಗಳ ಕುಟುಂಬಕ್ಕೆ ಸೇರಿದ್ದರಿಂದ ಅವುಗಳ ಮೇಲೆ ನಡೆದ ಪರೀಕ್ಷೆಗಳು ಇದಕ್ಕೂ ಸುಳಿವು ಕೊಡಬಲ್ಲವು. 2014ರಲ್ಲಿ ಅಮೆರಿಕದ ಸಂಶೋಧಕರು ಮಂಗನ ಕಾಯಿಲೆಯ ವೈರಸ್ಸಿನ ಮೇಲೆಯೇ ಕೆಲವು ಪರಿಚಿತ ಔಷಧಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಿದ್ದಾರೆ. ಅವು ತಟ್ಟೆಯ ಫಲಿತಾಂಶಗಳು. ಅಲ್ಲಿಂದ ಸೊರಬದ ಆಸ್ಪತ್ರೆಯ ಹಾಸಿಗೆಗೆ ದಾರಿ ಎಷ್ಟು ದೂರವೆಂಬುದನ್ನು ನಿಕ್ಲೊಸಮೈಡ್, ಕ್ಲೋರೊಕ್ವಿನ್‌ಗಳ ಕಥೆ ಹೇಳಿದೆ.

ಹಿತ್ತಲ ಗಿಡ ಮದ್ದಲ್ಲವೆಂದು ಕಡೆಗಣಿಸಿದ್ದು 1964ರ ತಪ್ಪು. ಹಿತ್ತಲ ಗಿಡವೆಲ್ಲ ಮದ್ದೆಂದು ನುಂಗಿದ್ದು 2020ರ ತಪ್ಪು. ಕಡತವನ್ನು ಎಲ್ಲರಿಗೂ ತೆರೆದು, ಅದರಲ್ಲಿ ಸೋಲನ್ನೂ ಬರೆದು, ಗೆಲ್ಲಬಹುದಾದದ್ದನ್ನು ಎಣಿಸಿ ನೋಡುವ ಕೆಲಸವನ್ನು ಸರಕಾರಿ ಆಸ್ಪತ್ರೆಗಳೇ ಹೊತ್ತುಕೊಂಡರೆ ಈ ಎರಡೂ ತಪ್ಪುಗಳಿಂದ ಪಾರಾಗಬಹುದು. ಮಂಗನ ಕಾಯಿಲೆಯ ಎದುರಿಗಿರುವ ಚೌಕ ತುಂಬಬೇಕಾದದ್ದೂ ಹಾಗೆಯೇ.